ನನ್ನ ಸ್ವಭಾವದ ಖರ್ಚು ಯಾರ ಲೆಕ್ಕಕ್ಕೆ?

ಗುರುಗ್ರಾಮದ ಸೈಬರ್ ಸಿಟಿಯಲ್ಲಾಗಲಿ, ನೋಯ್ಡಾದ ಸೆಕ್ಟರ್ 62ರಲ್ಲಾಗಲಿ ಕೆಲಸಕ್ಕೆ ಸೇರಿದವರಿಗೆ ಈ ದೃಶ್ಯ ಹೊಸದಲ್ಲ. ತರಬೇತಿಯ ಕೊಠಡಿ, ಎಸಿಯ ಚಳಿ, ದುಂಡು ಮೇಜಿನ ಸುತ್ತ ಎಂಟು ಜನ. ಫೋನಿಗೆ ಬಂದ ಕೊಂಡಿ ಒತ್ತಿ ಸಾಲುಸಾಲು ಪ್ರಶ್ನೆಗಳಿಗೆ ಉತ್ತರ ಕೊಟ್ಟರೆ ಕೊನೆಗೆ ನಾಲ್ಕು ಅಕ್ಷರ ಕೈಗೆ ಬರುತ್ತವೆ: ಐಎಸ್‌ಎಫ್‌ಜೆ, ಇಎನ್‌ಟಿಪಿ, ಹೀಗೆ. ಊಟದ ಹೊತ್ತಿಗೆ ಆ ಅಕ್ಷರಗಳೇ ಅಡ್ಡಹೆಸರಾಗಿರುತ್ತವೆ. ಮೀಟಿಂಗಿನಲ್ಲಿ ಬಾಯಿ ತೆರೆಯಲು ಹಿಂಜರಿಯುವ ಹುಡುಗಿಗೆ ‘ನಾನು ಅಂತರ್ಮುಖಿ, ಇದೇನೂ ಕೊರತೆಯಲ್ಲ’ ಎಂಬ ಸಮಾಧಾನ ಸಿಗುತ್ತದೆ. ಎದುರಿನವರ ಮಾತನ್ನು ಅರ್ಧಕ್ಕೇ ಕತ್ತರಿಸುವ ಮ್ಯಾನೇಜರಿಗೆ ‘ನನ್ನ ಟೈಪೇ ಹೀಗೆ’ ಎಂಬ ಸಮರ್ಥನೆಯೂ ಅದೇ ಕಾಗದದಲ್ಲಿ ಸಿಗುತ್ತದೆ.

ಆ ಎಂಟು ಜನರಲ್ಲಿ ಒಬ್ಬರು ಮಂಗಳೂರಿನ ಕಥೋಲಿಕರೋ ಬೀದರಿನ ಮೆಥೊಡಿಸ್ಟರೋ ಆಗಿದ್ದರೆ, ಅವರಿಗೆ ಇನ್ನೊಂದು ಭಾಷೆಯೂ ಗೊತ್ತಿರುತ್ತದೆ. ವರ, ಕರೆ, ಸೇವೆ, ಪಶ್ಚಾತ್ತಾಪ, ಕ್ಷಮೆ: ಇವು ಭಾನುವಾರ ಕಿವಿಗೆ ಬೀಳುವ ಮಾತುಗಳು. ಸೋಮವಾರದಿಂದ ಶುಕ್ರವಾರದವರೆಗೆ ಒಂದು ನುಡಿಗಟ್ಟು, ಭಾನುವಾರಕ್ಕೆ ಇನ್ನೊಂದು. ಎರಡೂ ಒಬ್ಬನೇ ಮನುಷ್ಯನ ಬಗ್ಗೆ ಮಾತಾಡುತ್ತಿದ್ದರೂ ಒಂದಕ್ಕೊಂದು ಮುಖಾಮುಖಿಯಾಗುವುದು ಕಡಿಮೆ.

ಈ ಎರಡನ್ನೂ ಒಂದೇ ಮೇಜಿಗೆ ಕೂರಿಸುವುದು ಹೇಗೆ ಎಂಬುದು ದೆಹಲಿ, ಗುರುಗ್ರಾಮ, ನೋಯ್ಡಾಗಳಲ್ಲಿ ದುಡಿಯುವ ಕನ್ನಡದ ಕ್ರೈಸ್ತರಿಗೆ ತೀರ ವ್ಯಾವಹಾರಿಕವಾದ ಪ್ರಶ್ನೆ. ದಾರಿಯಲ್ಲಿ ಕೈಹಿಡಿಯಬಲ್ಲ ಒಂದು ಮಾತು ಇಷ್ಟು: ನನಗೆ ಯಾವುದು ಸಲೀಸು ಎಂದು ಪರೀಕ್ಷೆ ಹೇಳುತ್ತದೆ, ಆ ಸಲೀಸಿನ ಖರ್ಚು ಯಾರ ಲೆಕ್ಕಕ್ಕೆ ಬೀಳುತ್ತಿದೆ ಎಂದು ಕೇಳುವುದು ನಂಬಿಕೆಯ ಕೆಲಸ.

ಒಂದು ಪುಸ್ತಕದ ಹೆಸರು

ನಾಲ್ಕು ಅಕ್ಷರಗಳ ಪರೀಕ್ಷೆಯ ಮೂಲ ಸ್ವಿಟ್ಜರ್‌ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಪ್ರಕಟಿಸಿದ ವ್ಯಕ್ತಿತ್ವ ವಿಧಗಳ ಗ್ರಂಥ. ಯೂಂಗ್ ಒಬ್ಬ ಸಭಾಪಾಲಕರ ಮಗ. ಅವರ ವಿಚಾರವನ್ನು ಸಾಮಾನ್ಯರ ಕೈಗೆ ತಲುಪಿಸಿದವರು ಅಮೆರಿಕದ ತಾಯಿ-ಮಗಳು, ಕ್ಯಾಥರೀನ್ ಬ್ರಿಗ್ಸ್ ಮತ್ತು ಇಸಬೆಲ್ ಬ್ರಿಗ್ಸ್ ಮೈಯರ್ಸ್. ಇಬ್ಬರೂ ಮನಃಶಾಸ್ತ್ರದ ಪದವಿ ಪಡೆದವರಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ, ಯಾರಿಗೆ ಯಾವ ಕೆಲಸ ಒಗ್ಗುತ್ತದೆ ಎಂದು ತಿಳಿಯಲು ಒಂದು ಸಾಧನ ಬೇಕೆಂದು ಇಸಬೆಲ್ ಪ್ರಶ್ನಾವಳಿ ಬರೆಯತೊಡಗಿದರು. ಮೈಯರ್ಸ್-ಬ್ರಿಗ್ಸ್ ಪರೀಕ್ಷೆ ಎಂದು ಹೆಸರಾದ ಅದು ಕೈಪಿಡಿಯ ರೂಪದಲ್ಲಿ ಪ್ರಕಟವಾದದ್ದು 1962ರಲ್ಲಿ.

ಕ್ರೈಸ್ತ ಓದುಗರು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. 1980ರಲ್ಲಿ, ತಾವು ತೀರಿಕೊಂಡ ವರ್ಷವೇ ಹೊರಬಂದ ತಮ್ಮ ಪುಸ್ತಕಕ್ಕೆ ಇಸಬೆಲ್ ಇಟ್ಟ ಹೆಸರು ‘ಗಿಫ್ಟ್ಸ್ ಡಿಫರಿಂಗ್’. ಆ ಎರಡು ಪದಗಳು ಬಂದಿರುವುದು ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ಹನ್ನೆರಡನೇ ಅಧ್ಯಾಯದಿಂದ, ಆರನೇ ವಚನದಿಂದ. ಆಫೀಸಿನ ಪರೀಕ್ಷೆಗೂ ಭಾನುವಾರದ ವಾಚನಕ್ಕೂ ಬೇರಿನಲ್ಲೇ ಒಂದು ಎಳೆ ಇದೆ ಎಂದಾಯಿತು. ಆದರೆ ಪೌಲನು ವರಗಳು ಬೇರೆಬೇರೆ ಎಂದಷ್ಟೇ ಹೇಳಿ ಸುಮ್ಮನಾಗುವುದಿಲ್ಲ. ಆ ಅಧ್ಯಾಯವನ್ನು ಮುಂದಕ್ಕೆ ಓದಿದರೆ ಬೋಧಿಸುವವನು, ಕೊಡುವವನು, ಮುಂದಾಳು, ಕರುಣೆ ತೋರುವವನು ಎಂದು ಒಬ್ಬೊಬ್ಬರನ್ನೂ ಹೆಸರಿಸಿ, ನಿನ್ನ ಪಾಲಿಗೆ ಬಂದದ್ದನ್ನು ಇನ್ನೊಬ್ಬರಿಗಾಗಿ ಹೇಗೆ ಬಳಸಬೇಕು ಎಂದು ತಿಳಿಹೇಳುತ್ತಾನೆ. ಅಲ್ಲಿ ವರ ಎಂಬುದು ಗುರುತಿನ ಚೀಟಿಯಲ್ಲ, ಕೈಗೆ ಕೊಟ್ಟ ಹತಾರ. ತರಬೇತಿ ಕೊಠಡಿಯಲ್ಲಿ ಕಳಚಿಹೋಗುವುದು ಈ ಎರಡನೇ ಅರ್ಧ.

ಪರೀಕ್ಷೆಯನ್ನು ಎಷ್ಟು ನಂಬಬೇಕು?

ಒಂದು ಕನ್ನಡಿಯನ್ನು ನಂಬುವಷ್ಟು ನಂಬಬಹುದು, ಜಾತಕದಷ್ಟಲ್ಲ.

1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞ ತನ್ನ 39 ವಿದ್ಯಾರ್ಥಿಗಳಿಗೆ ವ್ಯಕ್ತಿತ್ವ ಪರೀಕ್ಷೆ ಕೊಟ್ಟ. ವಾರದ ನಂತರ ಒಬ್ಬೊಬ್ಬರ ಕೈಗೂ ‘ಇದು ನಿನ್ನ ಫಲಿತಾಂಶ’ ಎಂದು ಒಂದು ಹಾಳೆ ಇಟ್ಟ. ಎಷ್ಟು ಸರಿಯಾಗಿದೆ ಎಂದು ಐದಕ್ಕೆ ಅಂಕ ಕೊಡಿ ಎಂದ. ಸರಾಸರಿ ಬಂದ ಅಂಕ 4.26. ಆಮೇಲೆ ತಿಳಿದದ್ದು, ಎಲ್ಲರ ಹಾಳೆಯಲ್ಲೂ ಇದ್ದದ್ದು ಒಂದೇ ಬರಹ. ಅದರ ಬಹುಪಾಲನ್ನು ಆತ ಅಂಗಡಿಯಲ್ಲಿ ಸಿಗುವ ಜ್ಯೋತಿಷ್ಯದ ಪುಸ್ತಕದಿಂದ ಎತ್ತಿಕೊಂಡಿದ್ದ. ‘ಅಯ್ಯೋ, ಇದು ನನ್ನದೇ ಚಿತ್ರ’ ಎಂದು ಅನ್ನಿಸುವುದು ಪರೀಕ್ಷೆ ನಿಜವೆಂಬುದಕ್ಕೆ ಪುರಾವೆಯಾಗದು.

ನಾಲ್ಕು ಅಕ್ಷರದ ವಿಧಾನಕ್ಕೆ ಇನ್ನೊಂದು ತೊಡಕಿದೆ. ಐದೂವರೆ ಅಡಿಗಿಂತ ಮೇಲಿನವರೆಲ್ಲ ‘ಉದ್ದ’, ಕೆಳಗಿನವರೆಲ್ಲ ‘ಗಿಡ್ಡ’ ಎಂದು ಊರನ್ನು ಎರಡೇ ಗುಂಪು ಮಾಡಿದರೆ ಏನಾಗುತ್ತದೆ? ಐದಡಿ ಐದೂವರೆ ಅಂಗುಲದವನೂ ಆರೂವರೆ ಅಂಗುಲದವನೂ ಒಬ್ಬರ ಪಕ್ಕ ಒಬ್ಬರು ನಿಂತಿದ್ದರೂ ಬೇರೆ ಜಾತಿಯವರಾಗಿಬಿಡುತ್ತಾರೆ. ಮಾತು-ಮೌನದ ವಿಷಯದಲ್ಲೂ ಹೆಚ್ಚಿನ ಜನ ನಡುವೆಯೇ ಇರುತ್ತಾರೆ. ಅದಕ್ಕೇ ಕೆಲವು ವಾರ ಬಿಟ್ಟು ಮತ್ತೆ ಪರೀಕ್ಷೆ ತೆಗೆದುಕೊಂಡರೆ ಅಕ್ಷರ ಬದಲಾಗುವುದು ಅಪರೂಪವಲ್ಲ. ಸಂಶೋಧಕರು ಹೆಚ್ಚಾಗಿ ಬಳಸುವ ‘ಬಿಗ್ ಫೈವ್’ ಮಾದರಿ ಹೀಗೆ ಗೆರೆ ಕೊಯ್ಯುವುದಿಲ್ಲ. ಹೊಸತಿನ ಕುತೂಹಲ, ಅಚ್ಚುಕಟ್ಟುತನ, ಬಹಿರ್ಮುಖತೆ, ಹೊಂದಿಕೊಳ್ಳುವ ಗುಣ, ಮನಸ್ಸಿನ ಕಳವಳ ಎಂಬ ಐದು ಅಳತೆಪಟ್ಟಿಗಳ ಮೇಲೆ ಒಬ್ಬೊಬ್ಬರನ್ನು ಒಂದೊಂದು ಕಡೆ ಗುರುತಿಸುತ್ತದೆ.

‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಗಾದೆಯನ್ನು ಇಲ್ಲಿ ನೆನೆಯುವವರಿದ್ದಾರೆ. ಅದು ಅರ್ಧ ನಿಜ. ಸುಟ್ಟರೆ ಹೋಗದ್ದು ವಯಸ್ಸಿನೊಂದಿಗೆ, ಜವಾಬ್ದಾರಿಯೊಂದಿಗೆ ನಿಧಾನವಾಗಿ ಹದಗೊಳ್ಳುತ್ತದೆ. ಇಪ್ಪತ್ತರಿಂದ ಐವತ್ತರತ್ತ ಸಾಗುವಾಗ ಸಾಮಾನ್ಯವಾಗಿ ಜನರಲ್ಲಿ ಅಚ್ಚುಕಟ್ಟುತನವೂ ಹೊಂದಾಣಿಕೆಯೂ ಹೆಚ್ಚುತ್ತವೆ, ಕಳವಳ ತಗ್ಗುತ್ತದೆ ಎಂಬುದನ್ನು ಹಲವು ದೇಶಗಳ ಅಧ್ಯಯನಗಳು ಕಂಡಿವೆ.

ಆಫೀಸಿನಲ್ಲಿ ಪರೀಕ್ಷೆ ಕೊಟ್ಟಾಗ ಎರಡು ಪ್ರಶ್ನೆ ಕೇಳುವ ಹಕ್ಕು ನೌಕರರಿಗಿದೆ: ಈ ಫಲಿತಾಂಶವನ್ನು ಯಾರು ನೋಡುತ್ತಾರೆ? ಬಡ್ತಿ, ನೇಮಕಾತಿಗೆ ಇದನ್ನು ಬಳಸುತ್ತೀರಾ? ನೇಮಕಾತಿಗೆ ಬಳಸಕೂಡದೆಂದು ಮೈಯರ್ಸ್-ಬ್ರಿಗ್ಸ್ ಪರೀಕ್ಷೆಯ ಪ್ರಕಾಶಕರೇ ಹೇಳುತ್ತಾರೆ. ಇದನ್ನು ಗೌರವದಿಂದ ನೆನಪಿಸಿದರೆ ತಪ್ಪೇನಿಲ್ಲ.

ಚರ್ಚಿನ ವಲಯದಲ್ಲೂ ಇಂಥ ಚೌಕಟ್ಟುಗಳು ಓಡಾಡುತ್ತಿವೆ. ಗ್ರೀಕರ ಹಳೆಯ ನಾಲ್ಕು ಸ್ವಭಾವಗಳನ್ನು ಅಮೆರಿಕದ ಟಿಮ್ ಲಹೇ 1966ರಲ್ಲಿ ಕ್ರೈಸ್ತ ಓದುಗರಿಗಾಗಿ ಹೊಸದಾಗಿ ಬರೆದರು. ಒಂಬತ್ತು ಅಂಕಿಗಳ ಎನಿಯಗ್ರಾಮ್ ಧ್ಯಾನಶಿಬಿರಗಳ ಮೂಲಕ ಹರಡಿತು. ಅದನ್ನು ಆತ್ಮಿಕ ಬೆಳವಣಿಗೆಯ ಸಾಧನವಾಗಿ ಬಳಸುವುದರಿಂದ ನಂಬಿಕೆಯ ಬೋಧನೆಯಲ್ಲಿ ಗೊಂದಲ ಹುಟ್ಟುತ್ತದೆ ಎಂದು ವ್ಯಾಟಿಕನ್ 2003ರ ಒಂದು ದಾಖಲೆಯಲ್ಲಿ ಎಚ್ಚರಿಸಿದೆ. ಯಾವ ಚೌಕಟ್ಟಾದರೂ ಸರಿ, ಪ್ರಾರ್ಥನೆಯ ಜಾಗಕ್ಕೆ ಅದು ಬಂದು ಕೂರಬಾರದು.

ಕರಾವಳಿಯಿಂದ ದೆಹಲಿಗೆ ಬಂದ ಮೂವರು

ಸ್ವಭಾವ ಮತ್ತು ಕೆಲಸದ ನಂಟನ್ನು ನೋಡಲು ಕನ್ನಡಿಗರಿಗೆ ದೂರದ ಉದಾಹರಣೆ ಬೇಡ. ಕರ್ನಾಟಕ ಕರಾವಳಿಯ ಮೂರು ಕಥೋಲಿಕ ಮನೆಗಳಿಂದ ಬಂದ ಮೂವರು ದಶಕಗಳ ಕಾಲ ದೆಹಲಿಯಲ್ಲಿ ದುಡಿದರು. ಮೂವರದೂ ಒಂದೇ ವೃತ್ತಿ, ರಾಜಕೀಯ. ಸ್ವಭಾವ ಮಾತ್ರ ಬೆಂಕಿ, ನೀರು, ಉಕ್ಕು. ಅವರನ್ನು ನಾಲ್ಕು ಅಕ್ಷರಗಳಲ್ಲಿ ಹಿಡಿದಿಡುವ ಪ್ರಯತ್ನ ಇಲ್ಲಿ ಬೇಡ. ನಡೆದದ್ದನ್ನು ನೋಡಿದರೆ ಸಾಕು.

ಜಾರ್ಜ್ ಫರ್ನಾಂಡಿಸ್ ಹುಟ್ಟಿದ್ದು 1930ರ ಜೂನ್ 3ರಂದು, ಮಂಗಳೂರಿನಲ್ಲಿ. ಪಾದ್ರಿಯಾಗಲೆಂದು ಮನೆಯವರು ಹದಿನಾರನೇ ವಯಸ್ಸಿನಲ್ಲಿ ಬೆಂಗಳೂರಿನ ಸೇಂಟ್ ಪೀಟರ್ಸ್ ಸೆಮಿನರಿಗೆ ಸೇರಿಸಿದರು. ಅಲ್ಲಿ ಗುರುಗಳಿಗೆ ಎತ್ತರದ ಮೇಜು, ಒಳ್ಳೆಯ ಊಟ, ವಿದ್ಯಾರ್ಥಿಗಳಿಗೆ ಬೇರೆ. ಆ ಭೇದ ಸಹಿಸಲಾಗದೆ ಎರಡೂವರೆ ವರ್ಷಕ್ಕೆ ಹೊರಬಿದ್ದರು. ಮುಂದಿನ ಅವರ ಬದುಕೆಲ್ಲ ಆ ಊಟದ ಮೇಜಿನ ಸಿಟ್ಟಿನಿಂದಲೇ ಹೊರಟಂತೆ ಕಾಣುತ್ತದೆ. 1974ರ ಮೇ 8ರಿಂದ 27ರವರೆಗೆ ಸುಮಾರು 17 ಲಕ್ಷ ರೈಲ್ವೆ ನೌಕರರ ಮುಷ್ಕರ ನಡೆಸಿದರು. ರಕ್ಷಣಾ ಸಚಿವರಾಗಿದ್ದಾಗ, ಸಿಯಾಚಿನ್ ಸೈನಿಕರಿಗೆ ಬೇಕಾದ ಹಿಮವಾಹನಗಳ ಕಡತವನ್ನು ತಡೆಹಿಡಿದಿದ್ದ ಅಧಿಕಾರಿಗಳನ್ನು ಅದೇ ಸಿಯಾಚಿನ್‌ಗೆ ಹೋಗಿ ನೋಡಿಬನ್ನಿ ಎಂದು ಕಳಿಸಿದರು. ಕೃಷ್ಣ ಮೆನನ್ ಮಾರ್ಗದ 3ನೇ ನಂಬರಿನ ಬಂಗಲೆಯ ಗೇಟನ್ನೇ ತೆಗೆಸಿದ್ದರು. ಬರ್ಮಾದ ನಿರಾಶ್ರಿತ ವಿದ್ಯಾರ್ಥಿಗಳಿಗೆ ಆ ಮನೆ ಆಸರೆಯಾಗಿತ್ತು. ತಮ್ಮ ಬಟ್ಟೆ ತಾವೇ ಒಗೆದುಕೊಳ್ಳುತ್ತಿದ್ದರು.

ಬೆಂಕಿಯ ಸ್ವಭಾವಕ್ಕೆ ಖರ್ಚೂ ಇದೆ. 1974ರ ಬೇಡಿಕೆಗಳು ನ್ಯಾಯವಾದವು, ಬೋನಸ್ಸೂ ಎಂಟು ಗಂಟೆಯ ಕೆಲಸವೂ. ಸರ್ಕಾರ ಮುಷ್ಕರವನ್ನು ಕ್ರೂರವಾಗಿ ಮುರಿದದ್ದೂ ನಿಜ. ಆದರೆ ಬಂಧನ, ವಜಾ, ಕ್ವಾರ್ಟರ್ಸಿನಿಂದ ಹೊರದಬ್ಬಿಸಿಕೊಂಡ ಸಂಸಾರ, ಇವೆಲ್ಲ ಬಿದ್ದದ್ದು ಗ್ಯಾಂಗ್‌ಮನ್‌ಗಳ, ಫೈರ್‌ಮನ್‌ಗಳ ಮನೆಗಳ ಮೇಲೆ. ಜಾರ್ಜ್ ಸ್ವತಃ ಜೈಲು ಕಂಡವರು, ಹೊಡೆತ ತಿಂದ ಮನೆಯವರು. ಹಾಗಾಗಿ ಅವರು ಬೆಲೆ ತೆರಲಿಲ್ಲ ಎಂದು ಯಾರೂ ಹೇಳಲಾರರು. ತಂಡವನ್ನು ಹುರಿದುಂಬಿಸಿ ಮುನ್ನುಗ್ಗುವ ಪ್ರತಿಯೊಬ್ಬ ನಾಯಕನೂ, ಅದು ಗುರುಗ್ರಾಮದ ಹತ್ತು ಜನರ ತಂಡವೇ ಆಗಿರಲಿ, ನಡುರಾತ್ರಿ ಕೇಳಿಕೊಳ್ಳಬೇಕಾದ ಪ್ರಶ್ನೆ ಆ ಇಪ್ಪತ್ತು ದಿನಗಳಲ್ಲಿದೆ: ನನ್ನ ಹುರುಪಿನ ಬಿಲ್ಲು ಯಾರ ಮನೆಗೆ ಹೋಗುತ್ತಿದೆ? ಚರ್ಚಿನ ಕಟ್ಟುನಿಟ್ಟಿನ ಆಚರಣೆಯ ಮನುಷ್ಯ ಅವರಾಗಿರಲಿಲ್ಲ. 2019ರ ಜನವರಿ 29ರಂದು ತೀರಿಕೊಂಡಾಗ ದಹನ ನಡೆದದ್ದು ಲೋಧಿ ರಸ್ತೆಯಲ್ಲಿ, ಚಿತಾಭಸ್ಮ ಮಣ್ಣಾದದ್ದು ಪೃಥ್ವಿರಾಜ್ ರಸ್ತೆಯ ಕ್ರೈಸ್ತ ಸ್ಮಶಾನದಲ್ಲಿ.

ಆಸ್ಕರ್ ಫರ್ನಾಂಡಿಸ್ ಅದಕ್ಕೆ ತದ್ವಿರುದ್ಧ. ಉಡುಪಿಯಲ್ಲಿ 1941ರಲ್ಲಿ ಹುಟ್ಟಿದವರು, 1980ರಿಂದ ಸತತ ಐದು ಬಾರಿ ಅಲ್ಲಿಂದಲೇ ಲೋಕಸಭೆಗೆ ಗೆದ್ದವರು. ರಾಜೀವ್ ಗಾಂಧಿಯವರ ಸಂಸದೀಯ ಕಾರ್ಯದರ್ಶಿಗಳಾಗಿದ್ದ ಅರುಣ್ ಸಿಂಗ್, ಅಹ್ಮದ್ ಪಟೇಲ್, ಆಸ್ಕರ್ ಮೂವರನ್ನು ದೆಹಲಿ ‘ಅಮರ್ ಅಕ್ಬರ್ ಆಂಥೋನಿ’ ಎಂದು ಕರೆಯುತ್ತಿತ್ತು. ಮೆಲುದನಿ, ಯೋಗ, ಕೂಚಿಪುಡಿ, ರಾತ್ರಿ ಎಷ್ಟೇ ಹೊತ್ತಾದರೂ ಬಂದವರ ಅಹವಾಲು ಕೇಳುವ ತಾಳ್ಮೆ. ಇಂಥ ಮೃದು ಮನುಷ್ಯನಿಂದ ನೋವಾಗುವ ಮಾತು ಬರುವುದಿಲ್ಲ ಎಂದು ನಾವು ಭಾವಿಸುತ್ತೇವೆ. ಆದರೆ 2008ರ ಸೆಪ್ಟೆಂಬರ್ 22ರಂದು ಗ್ರೇಟರ್ ನೋಯ್ಡಾದ ಒಂದು ಕಾರ್ಖಾನೆಯಲ್ಲಿ, ಕೆಲಸ ಕಳೆದುಕೊಂಡ ಕಾರ್ಮಿಕರ ಗುಂಪಿನ ದಾಳಿಗೆ ಕಂಪನಿಯ ಮುಖ್ಯಸ್ಥರು ಬಲಿಯಾದಾಗ, ಕೇಂದ್ರ ಕಾರ್ಮಿಕ ಸಚಿವರಾಗಿದ್ದ ಆಸ್ಕರ್ ಇದು ಆಡಳಿತ ಮಂಡಳಿಗಳಿಗೆ ಎಚ್ಚರಿಕೆಯಾಗಬೇಕು ಎಂಬರ್ಥದ ಮಾತಾಡಿದರು. ಗುತ್ತಿಗೆ ಕಾರ್ಮಿಕರ ಸಂಕಟದ ಮೇಲಿನ ಕಳಕಳಿಯಿಂದಲೇ ಬಂದಿರಬೇಕು ಅದು. ಆದರೆ ಆ ಹೊತ್ತಿನಲ್ಲಿ ಒಂದು ಮನೆಯಲ್ಲಿ ಹೆಣವಿತ್ತು. ದೇಶವೆಲ್ಲ ಸಿಟ್ಟಾಯಿತು, ಸಚಿವರು ಕ್ಷಮೆ ಕೇಳಿದರು.

ಈ ಪ್ರಸಂಗವನ್ನು ಅವರ ಹೆಸರಿಗೆ ಮಸಿ ಬಳಿಯಲು ಇಲ್ಲಿ ನೆನೆಯುತ್ತಿಲ್ಲ. ಸಹಾನುಭೂತಿ ಹೆಚ್ಚಿರುವವರು ಅದನ್ನು ಒಂದೇ ದಿಕ್ಕಿಗೆ ಹರಿಸಿ ಇನ್ನೊಂದು ದಿಕ್ಕಿನಲ್ಲಿ ನಿಂತವರನ್ನು ಕಾಣದೆಹೋಗುವುದು ಆಫೀಸುಗಳಲ್ಲಿ ದಿನವೂ ನಡೆಯುತ್ತದೆ. ಅಂಥವರು ಕಷ್ಟದಲ್ಲಿರುವ ಕಿರಿಯನ ಪರ ನಿಲ್ಲುವಾಗ, ಅವನ ಕೆಲಸವನ್ನು ಹೊತ್ತುಕೊಂಡ ಪಕ್ಕದ ಸಹೋದ್ಯೋಗಿ ಮರೆತುಹೋಗುತ್ತಾಳೆ. ತಪ್ಪಿದಾಗ ಕ್ಷಮೆ ಕೇಳುವುದು ಯಾವ ಟೈಪಿಗೂ ಸೇರದ ಗುಣ. ಅದನ್ನು ಕಲಿಯಬೇಕು, ಆಸ್ಕರ್ ಮಾಡಿದಂತೆ ಬಹಿರಂಗವಾಗಿ, ಬೇಗ.

ಮೂರನೆಯವರು ಮಾರ್ಗರೆಟ್ ಆಳ್ವ. 1942ರಲ್ಲಿ ಮಂಗಳೂರಿನಲ್ಲಿ ಹುಟ್ಟಿ, ಮದುವೆಯಿಂದ ಸೇರಿದ್ದು ದೆಹಲಿಯ ಸಂಸತ್ತನ್ನು ಬಲ್ಲ ಮನೆಗೆ: ಅತ್ತೆ ವಯೊಲೆಟ್ ಆಳ್ವ ರಾಜ್ಯಸಭೆಯ ಉಪಸಭಾಪತಿಯಾಗಿದ್ದವರು. 1974ರಲ್ಲಿ ರಾಜ್ಯಸಭೆಗೆ ಬಂದ ಮಾರ್ಗರೆಟ್ ಅಲ್ಲಿ ನಾಲ್ಕು ಅವಧಿ ಕಳೆದರು. 2008ರಲ್ಲಿ, ಕರ್ನಾಟಕದ ವಿಧಾನಸಭಾ ಚುನಾವಣೆಯಲ್ಲಿ ತಮ್ಮದೇ ಪಕ್ಷದ ಟಿಕೆಟ್‌ಗಳು ಮಾರಾಟವಾದವೆಂದು ಬಹಿರಂಗವಾಗಿ ಆರೋಪಿಸಿದರು. ಪಕ್ಷ ಆ ಆರೋಪವನ್ನು ಒಪ್ಪಲಿಲ್ಲ. ಪ್ರಧಾನ ಕಾರ್ಯದರ್ಶಿ ಸ್ಥಾನ ಹೋಯಿತು. ಮರುವರ್ಷ ಉತ್ತರಾಖಂಡದ ರಾಜ್ಯಪಾಲರಾದರು. ಅವರ ಆರೋಪದ ಸರಿತಪ್ಪು ರಾಜಕೀಯದ ಚರ್ಚೆ. ಇಲ್ಲಿ ನೋಡಬೇಕಾದದ್ದು, ಖಡಾಖಂಡಿತ ಮಾತಿನ ಬೆಲೆಯನ್ನು ಆಡಿದವರೇ ತೆತ್ತದ್ದು. ನೇರ ಮಾತಿನವರಿಗೆ ಇದಕ್ಕಿಂತ ಒಳ್ಳೆಯ ಒರೆಗಲ್ಲು ಸಿಗಲಾರದು. ನಾನು ನೇರವಾಗಿ ಮಾತಾಡುವುದು ಮೇಲಿನವರ ಮುಂದೆಯೋ, ಕೆಳಗಿನವರ ಮುಂದೆ ಮಾತ್ರವೋ?

ಬೈಬಲಿನ ಕಚೇರಿಗಳಲ್ಲಿ

ಮಾತು ತಡವರಿಸುತ್ತದೆಂದು ಹಿಂಜರಿದ ಮೋಶೆಗೆ ಅಣ್ಣ ಆರೋನನ ಬಾಯಿ ಜೊತೆಯಾಯಿತು, ಆದರೆ ಕೆಲಸ ತಪ್ಪಲಿಲ್ಲ. ಅದೇ ಮೋಶೆ ಮುಂದೆ ಬೆಳಗಿನಿಂದ ಸಂಜೆವರೆಗೆ ಒಬ್ಬನೇ ಕೂತು ಜನರ ವ್ಯಾಜ್ಯ ತೀರಿಸುತ್ತಿದ್ದಾಗ ಮಾವ ಇತ್ರೋ ಬಂದು, ಹೀಗಾದರೆ ನೀನೂ ಸೊರಗುತ್ತೀ, ಕಾಯುವ ಜನವೂ ಸೊರಗುತ್ತಾರೆ ಎಂದು ತಿಳಿಹೇಳಿದ. ‘ನಾನೇ ಮಾಡಿದರೆ ಸರಿ’ ಎನ್ನುವ ಅಚ್ಚುಕಟ್ಟಿನ ಮ್ಯಾನೇಜರುಗಳೆಲ್ಲ ವಿಮೋಚನಕಾಂಡದ ಹದಿನೆಂಟನೇ ಅಧ್ಯಾಯವನ್ನು ಅಪ್ರೈಸಲ್‌ಗೆ ಮುಂಚೆ ಓದಬೇಕು. ಕಾಯುವವರ ಸುಸ್ತನ್ನು ಇತ್ರೋ ಲೆಕ್ಕಕ್ಕೆ ಹಿಡಿದ ಎಂಬುದೇ ಅಲ್ಲಿನ ಜೀವ.

ಅರಸನ ಪಾನದಾಯಕನಾಗಿದ್ದ ನೆಹೆಮೀಯ ಯೆರೂಸಲೇಮಿನ ಸುದ್ದಿ ಕೇಳಿ ಅತ್ತ. ಆದರೆ ಅರಸನೆದುರು ವಿಷಯ ಎತ್ತಿದ್ದು ನಾಲ್ಕು ತಿಂಗಳ ನಂತರ, ಅರಸನೇ ಕೇಳಿದಾಗ. ಪ್ರಶ್ನೆಗೂ ಉತ್ತರಕ್ಕೂ ನಡುವಿನ ಒಂದು ಉಸಿರಿನಲ್ಲಿ ಮನಸ್ಸಿನಲ್ಲೇ ಪ್ರಾರ್ಥಿಸಿದ. ಮೌನ ಸ್ವಭಾವದವರಿಗೂ, ದುಡುಕುವವರಿಗೂ ಆ ಒಂದು ಉಸಿರು ಸಾಕಷ್ಟು ಕಲಿಸುತ್ತದೆ. ಇನ್ನು ಎಲೀಯ. ದೊಡ್ಡ ಗೆಲುವಿನ ಬೆನ್ನಲ್ಲೇ ಸಾಯಬೇಕೆಂದು ಗಿಡದಡಿ ಮಲಗಿದವನಿಗೆ ದೇವದೂತ ಕೊಟ್ಟದ್ದು ಉಪದೇಶವಲ್ಲ, ರೊಟ್ಟಿ, ನೀರು, ಮತ್ತೆ ನಿದ್ದೆ.

ಇಂಗ್ಲಿಷಿನಲ್ಲಿ ಮೃದು, ಕನ್ನಡದಲ್ಲಿ ನಿಜ

ಅಪ್ರೈಸಲ್ ಫಾರ್ಮಿನ ಭಾಷೆಗೆ ಒಂದು ಗುಣವಿದೆ, ಅದು ನೋವು ಆಗದಂತೆ ಮಾತನ್ನು ಹತ್ತಿಯಲ್ಲಿ ಸುತ್ತುತ್ತದೆ. ‘ಅಸರ್ಟಿವ್’ ಎಂದು ಬರೆದುಕೊಂಡವರು ಅದನ್ನೇ ಕನ್ನಡದಲ್ಲಿ ಹೇಳಿನೋಡಲಿ: ಕೆಲವೊಮ್ಮೆ ‘ಧೈರ್ಯ’ ಎಂದು ಬರುತ್ತದೆ, ಕೆಲವೊಮ್ಮೆ ‘ದರ್ಪ’ ಎಂದು. ‘ಡೀಟೇಲ್ ಓರಿಯೆಂಟೆಡ್’ ಎಂಬುದು ಒಂದು ದಿನ ‘ಅಚ್ಚುಕಟ್ಟು’, ಇನ್ನೊಂದು ದಿನ ‘ಹುಳುಕು ಹುಡುಕುವ ಚಾಳಿ’. ‘ಜಗಳ ಬೇಡವೆನ್ನುವ ಟೈಪ್’ ಎಂಬುದಕ್ಕೆ ನಮ್ಮಲ್ಲಿ ಎಷ್ಟು ನಿಖರವಾದ ಪದವಿದೆ: ಮುಖದಾಕ್ಷಿಣ್ಯ. ತಪ್ಪು ಬಿಲ್ಲಿಗೆ ಸಹಿ ಹಾಕಿಸುವುದು ಎಷ್ಟೋ ಸಲ ದುರಾಸೆಯಲ್ಲ, ಈ ದಾಕ್ಷಿಣ್ಯ.

ಹಾಗಾಗಿ ಒಂದು ನೋಟ್‌ಬುಕ್ ತೆಗೆದುಕೊಂಡು, ಪರೀಕ್ಷೆ ಹೇಳಿದ್ದನ್ನು ಮನೆಮಾತಿಗೆ ತಿರುಗಿಸಿ ಬರೆಯುವುದು ಮೊದಲ ಅಭ್ಯಾಸ. ಕನ್ನಡವೋ ಕೊಂಕಣಿಯೋ ತುಳುವೋ, ಅಮ್ಮ ಬೈಯುತ್ತಿದ್ದ ಭಾಷೆಯಲ್ಲಿ. ಪಕ್ಕದಲ್ಲಿ ಒಂದು ಹೆಸರು: ಈ ಗುಣದ ಖರ್ಚನ್ನು ಕಳೆದ ವಾರ ಯಾರು ಹೊತ್ತರು? ಅಂತರ್ಮುಖಿಯ ಮೌನದಿಂದ ಮೀಟಿಂಗಿನಲ್ಲಿ ಒಂಟಿಯಾದ ಸಹೋದ್ಯೋಗಿ ಇರಬಹುದು. ಬಹಿರ್ಮುಖಿಯ ಮಾತಿನ ಪ್ರವಾಹದಲ್ಲಿ ತನ್ನ ಸರದಿಯೇ ಬಾರದ ಹೊಸಬಳಿರಬಹುದು. ಎಲ್ಲಕ್ಕೂ ‘ಆಗಲಿ’ ಎನ್ನುವವರ ಬೆಲೆಯನ್ನು ಹೆಚ್ಚಾಗಿ ತೆರುವುದು ಮನೆಯಲ್ಲಿ ರಾತ್ರಿ ಹತ್ತಕ್ಕೂ ಕಾಯುತ್ತಿರುವ ಮಕ್ಕಳು. ಹೆಸರು ಸಿಕ್ಕಿದ ಮೇಲೆ ಮಾಡಬೇಕಾದದ್ದು ಸಣ್ಣದು. ಮೌನಿಯಾದವರು ಮೀಟಿಂಗಿನ ಮೊದಲ ಹತ್ತು ನಿಮಿಷದೊಳಗೆ ಒಂದೇ ಒಂದು ಮಾತು ಆಡುವುದು, ಬೇಕಾದರೆ ಬರೆದುಕೊಂಡು ಹೋಗಿ. ಮಾತುಗಾರರು ಅಂದಿನ ಸಭೆಯಲ್ಲಿ ಮೂರನೆಯವರಾಗಿ ಮಾತಾಡುವುದು. ಇಡೀ ವ್ಯಕ್ತಿತ್ವ ಬದಲಿಸುವ ಸಂಕಲ್ಪಕ್ಕಿಂತ ಒಂದು ಮಂಗಳವಾರದ ಒಂದು ಸಭೆ ಹೆಚ್ಚು ಪ್ರಾಮಾಣಿಕ.

ಆರಾಧನೆಯ ಸ್ಥಳದ ಆಯ್ಕೆಯಲ್ಲೂ ಸ್ವಭಾವ ಕೈಯಾಡಿಸುತ್ತದೆ. ಗೋಲ್ ಡಾಕ್ ಖಾನಾ ಬಳಿಯ ಸೇಕ್ರೆಡ್ ಹಾರ್ಟ್ ಕ್ಯಾಥೆಡ್ರಲ್, ರಾಷ್ಟ್ರಪತಿ ಭವನದ ಬಳಿಯ ಕ್ಯಾಥೆಡ್ರಲ್ ಚರ್ಚ್ ಆಫ್ ದಿ ರಿಡೆಂಪ್ಷನ್, ಎರಡನ್ನೂ ಹೆನ್ರಿ ಮೆಡ್ ಎಂಬ ಒಬ್ಬನೇ ವಾಸ್ತುಶಿಲ್ಪಿ ವಿನ್ಯಾಸಗೊಳಿಸಿದ. ಆ ಎತ್ತರದ ಕಮಾನುಗಳಡಿ ಹಿಂದಿನ ಬೆಂಚಿನಲ್ಲಿ ಕೂತು ಯಾರ ಕೈಯನ್ನೂ ಕುಲುಕದೆ ಮನೆಗೆ ಹೋಗಬಹುದು. ದಣಿದ ಅಂತರ್ಮುಖಿಗೆ ಅದೊಂದು ವರ. ಗುರುಗ್ರಾಮದ ಅಪಾರ್ಟ್‌ಮೆಂಟುಗಳಲ್ಲಿ ಸೇರುವ ಪ್ರಾರ್ಥನಾ ಕೂಟಗಳಲ್ಲಿ ಹೆಸರು ಹಿಡಿದು ಕರೆದು, ಚಹಾ ಕೊಟ್ಟು, ಕಷ್ಟಸುಖ ಕೇಳುತ್ತಾರೆ. ವಾರದ ಐದು ದಿನ ಜನಜಂಗುಳಿಯಲ್ಲಿ ಬದುಕುವವರು ಮೌನದ ಪೂಜೆಯನ್ನೂ, ಫ್ಲಾಟಿನಲ್ಲಿ ಒಂಟಿಯಾಗಿ ಲ್ಯಾಪ್‌ಟಾಪ್ ಮುಂದೆ ದುಡಿಯುವವರು ಕೂಟವನ್ನೂ ಆರಿಸಿಕೊಂಡರೆ ಒಳ್ಳೆಯದು. ಇಷ್ಟವಾದದ್ದೂ ಬೇಕಾದದ್ದೂ ಯಾವಾಗಲೂ ಒಂದೇ ಆಗಿರುವುದಿಲ್ಲ. ಕನ್ನಡದ ಹಸಿವು ಬೇರೆಯೇ. ಅದಕ್ಕೆ ರಾಮಕೃಷ್ಣಪುರದ ದೆಹಲಿ ಕರ್ನಾಟಕ ಸಂಘದ ಬಾಗಿಲು ಇದೆ.

ಹೇಳುವುದು, ಹೇಳದಿರುವುದು

ನಂಬಿಕೆಯ ಬಗ್ಗೆ ಆಫೀಸಿನಲ್ಲಿ ಎಷ್ಟು ಮಾತಾಡಬೇಕು ಎಂಬುದು ದೆಹಲಿ ಮತ್ತು ಸುತ್ತಲಿನ ವಲಯವಾದ ಎನ್‌ಸಿಆರ್‌ನಲ್ಲಿ ಸ್ವಭಾವದ ಜೊತೆಗೆ ಕಾನೂನಿನ ಪ್ರಶ್ನೆಯೂ ಹೌದು. ಸಂವಿಧಾನದ 25ನೇ ವಿಧಿ ಎಲ್ಲರಿಗೂ ತಮ್ಮ ಧರ್ಮವನ್ನು ನಂಬುವ, ಆಚರಿಸುವ, ಪ್ರಚಾರ ಮಾಡುವ ಹಕ್ಕು ಕೊಟ್ಟಿದೆ, ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಗಳಿಗೆ ಒಳಪಟ್ಟು. ಆದರೆ ಬೆಳಿಗ್ಗೆ ಮನೆ ಬಿಟ್ಟು ಆಫೀಸು ಮುಟ್ಟುವಷ್ಟರಲ್ಲಿ ಇಲ್ಲಿನ ನೌಕರ ಒಂದೋ ಎರಡೋ ರಾಜ್ಯದ ಗಡಿ ದಾಟಿರಬಹುದು. ನೋಯ್ಡಾ, ಗಾಜಿಯಾಬಾದ್‌ಗಳಿಗೆ ಉತ್ತರ ಪ್ರದೇಶದ 2021ರ ಕಾನೂನುಬಾಹಿರ ಮತಾಂತರ ನಿಷೇಧ ಕಾಯ್ದೆ ಅನ್ವಯಿಸುತ್ತದೆ. 2024ರಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಲಾಗಿದೆ. ಗುರುಗ್ರಾಮ, ಫರೀದಾಬಾದ್‌ಗಳಿಗೆ ಹರಿಯಾಣದ 2022ರ ಕಾಯ್ದೆ. ದೆಹಲಿಯಲ್ಲಿ ಅಂಥ ಪ್ರತ್ಯೇಕ ಕಾಯ್ದೆ ಇಲ್ಲ. ಉತ್ತರ ಪ್ರದೇಶದ ಕಾಯ್ದೆಯಲ್ಲಿ ‘ಆಮಿಷ’ದ ವ್ಯಾಖ್ಯೆ ವಿಶಾಲವಾಗಿದ್ದು ಉದ್ಯೋಗವೂ ಅದರಲ್ಲಿ ಸೇರುತ್ತದೆ.

ಕಾನೂನು ಇರಲಿ ಬಿಡಲಿ, ಕೈಕೆಳಗಿನವರ ಸಂಬಳ, ರಜೆ, ಬಡ್ತಿ ಯಾರ ಕೈಯಲ್ಲಿದೆಯೋ ಅವರು ಆ ಕೈಕೆಳಗಿನವರೆದುರು ಧರ್ಮದ ಮಾತು ಎತ್ತದಿರುವುದೇ ಮರ್ಯಾದೆ. ಕೇಳಿದವರಿಗೆ ಹೇಳುವುದು ಬೇರೆ. ಗುಡ್ ಫ್ರೈಡೇಯಂದು ರಜೆ ಯಾಕೆ ಎಂದು ಸಹೋದ್ಯೋಗಿ ಕೇಳಿದರೆ ಸಂಕೋಚಪಡುವ ಕಾರಣವಿಲ್ಲ. ಕೇಂದ್ರ ಸರ್ಕಾರದ ಕಚೇರಿಗಳಿಗೆ ಅಂದು ಕಡ್ಡಾಯ ರಜೆ. ಖಾಸಗಿ ಕಂಪನಿಗಳ ಪಟ್ಟಿಯಲ್ಲಿ ಅದು ಇರಲೇಬೇಕೆಂದೇನಿಲ್ಲ. ಹೊಸ ವರ್ಷದ ಪಟ್ಟಿ ಬಂದ ದಿನವೇ ನೋಡಿ, ದೀಪಾವಳಿಗೆ ಬೇರೆಯವರ ಪಾಳಿ ತಾನು ಮಾಡುವೆನೆಂದು ಮೊದಲೇ ಒಪ್ಪಿಕೊಂಡು ಆ ಶುಕ್ರವಾರವನ್ನು ಕೇಳಿಕೊಳ್ಳುವುದು ಜಾಣತನ. ಭಾನುವಾರ ಪಾಳಿ ಇರುವ ಕಥೋಲಿಕರಿಗೆ ಶನಿವಾರ ಸಂಜೆಯ ಪೂಜೆಯೂ ಭಾನುವಾರದ ಲೆಕ್ಕಕ್ಕೆ ಸಲ್ಲುತ್ತದೆ.

ಸ್ವಭಾವದ ಚರ್ಚೆಗೆ ಸೇರಿಸಲೇಬಾರದ ಸಂಗತಿಗಳೂ ಇವೆ. ಮೇಲಧಿಕಾರಿಯ ಅಶ್ಲೀಲ ಮಾತು ‘ಅವರ ಟೈಪ್’ ಅಲ್ಲ. ಹತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಯಲ್ಲಿ 2013ರ ಕಾಯ್ದೆಯಂತೆ ಆಂತರಿಕ ದೂರು ಸಮಿತಿ ಇರಬೇಕು. ಅಲ್ಲಿಗೆ ಹೋಗುವ ಹೆಣ್ಣುಮಗಳಿಗೆ ‘ಕ್ಷಮಿಸಿಬಿಡು, ಶಿಲುಬೆ ಹೊರು’ ಎಂದು ಪ್ರಾರ್ಥನಾ ಕೂಟದಲ್ಲಿ ಯಾರಾದರೂ ಹೇಳಿದರೆ ಅದು ನಂಬಿಕೆಗೆ ಮಾಡಿದ ಅನ್ಯಾಯ. ಹಾಗೆಯೇ, ವಾರಗಟ್ಟಲೆ ನಿದ್ದೆಯಿಲ್ಲ, ಏಳಲು ಮನಸ್ಸಿಲ್ಲ, ಇಷ್ಟವಾದದ್ದೂ ರುಚಿಸುತ್ತಿಲ್ಲ ಎಂದಾದರೆ ಅದು ಅಂತರ್ಮುಖತೆಯೂ ಅಲ್ಲ, ವಿಶ್ವಾಸದ ಕೊರತೆಯೂ ಅಲ್ಲ. ವೈದ್ಯರನ್ನು ಕಾಣಬೇಕು. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು. ದೆಹಲಿಯ ದಿಲ್‌ಶಾದ್ ಗಾರ್ಡನ್‌ನಲ್ಲಿ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಇಹ್ಬಾಸ್ ಇದೆ. ಎಲೀಯನಿಗೆ ಸಿಕ್ಕ ರೊಟ್ಟಿ, ನೀರು, ನಿದ್ದೆಗಳ ಸಾಲಿನಲ್ಲಿ ಇವೂ ಸೇರುತ್ತವೆ.

ಮೆಟ್ರೋದ ಹಳದಿ ಲೈನಿನಲ್ಲಿ ಒಂದಿಷ್ಟು ಹೊತ್ತು

ಹದಿನಾರನೇ ಶತಮಾನದ ಇಗ್ನೇಷಿಯಸ್ ಲೊಯೋಲಾ ತನ್ನ ಸಂಗಡಿಗರಿಗೆ ಒಂದು ದಿನಚರಿ ಕಲಿಸಿದ್ದ: ದಿನಕ್ಕೆ ಎರಡು ಬಾರಿ ನಿಂತು ಕಳೆದ ಗಂಟೆಗಳನ್ನು ದೇವರ ಮುಂದೆ ತಿರುವಿಹಾಕುವುದು. ಮಠ ಬೇಕಿಲ್ಲ, ಪುಸ್ತಕ ಬೇಕಿಲ್ಲ. ಅವನ ಜೆಸ್ವಿಟರ ವಿದ್ಯಾಜ್ಯೋತಿ ದೇವಶಾಸ್ತ್ರ ಕಾಲೇಜು 1972ರಿಂದ ದೆಹಲಿಯಲ್ಲಿದೆ. ಅಲ್ಲಿ ಪಾದ್ರಿಗಳಾಗುವವರು ಮಾಡುವ ಈ ಅಭ್ಯಾಸವನ್ನು ಗುರುಗ್ರಾಮದಿಂದ ಮರಳುವ ಅಕೌಂಟೆಂಟರೂ ಮೆಟ್ರೋದಲ್ಲಿ ನಿಂತೇ ಮಾಡಬಹುದು.

ಸಿಕಂದರ್‌ಪುರದಲ್ಲಿ ಹತ್ತಿದ ಮೇಲೆ ಫೋನು ಜೇಬಿಗೆ. ಗುರು ದ್ರೋಣಾಚಾರ್ಯ, ಅರ್ಜನ್‌ಗಢದವರೆಗೆ ಅಂದಿನ ಒಳ್ಳೆಯದನ್ನಷ್ಟೇ ನೆನೆಯುವುದು: ಬೆಳಿಗ್ಗೆ ಯಾರೋ ಹಿಡಿದುಕೊಂಡ ಲಿಫ್ಟು, ಕ್ಯಾಂಟೀನಿನವನು ನೆನಪಿಟ್ಟು ಕೊಟ್ಟ ಸಕ್ಕರೆಯಿಲ್ಲದ ಚಹಾ. ಘಿಟೋರ್ನಿ, ಸುಲ್ತಾನ್‌ಪುರದ ಹೊತ್ತಿಗೆ ದಿನವನ್ನು ಗಂಟೆಗಂಟೆಯಾಗಿ ಬಿಚ್ಚುವುದು. ಎಲ್ಲಿ ಹುರುಪು ಬಂತು, ಎಲ್ಲಿ ಬತ್ತಿತು. ಸ್ವಭಾವದ ಬಗ್ಗೆ ಯಾವ ಪರೀಕ್ಷೆಗಿಂತ ಹೆಚ್ಚಿನದು ಇಲ್ಲಿ ತಿಳಿಯುತ್ತದೆ, ಏಕೆಂದರೆ ಒಂದು ತಿಂಗಳ ಹೊತ್ತಿಗೆ ಅದೇ ಮೀಟಿಂಗು, ಅದೇ ಮುಖ, ಅದೇ ಕಸಿವಿಸಿ ಮತ್ತೆ ಮತ್ತೆ ಮೇಲೆ ಬರುತ್ತವೆ. ಛತ್ತರ್‌ಪುರ ದಾಟಿ ಕುತುಬ್ ಮಿನಾರ್ ನಿಲ್ದಾಣ ಬರುವವರೆಗೆ ಒಂದೇ ಪ್ರಶ್ನೆ: ಇಂದು ನನ್ನ ಸಲೀಸಿಗೆ ಬೆಲೆ ತೆತ್ತವರು ಯಾರು?

ಅಲ್ಲಿಯವರೆಗೆ ಕಂಬಗಳ ಮೇಲೆ ಓಡುವ ರೈಲು ಸಾಕೇತ್‌ಗೆ ಮುನ್ನ ನೆಲದಡಿಗೆ ಇಳಿಯುತ್ತದೆ. ಹೊರಗಿನ ದೀಪಗಳು ಆರಿ, ಕಿಟಕಿಯ ಗಾಜಿನಲ್ಲಿ ದಣಿದ ತನ್ನದೇ ಮುಖ, ಅದರ ಹಿಂದೆ ಹಿಡಿಕೆ ಹಿಡಿದು ನಿಂತ ಹತ್ತಾರು ಮುಖಗಳು ಮೂಡುತ್ತವೆ. ಆ ಕತ್ತಲಿನಲ್ಲಿ ಹೌಜ್ ಖಾಸ್ ಬರುವವರೆಗೆ ಕ್ಷಮೆ ಬೇಡುವುದಕ್ಕೂ ನಾಳೆಯ ಒಂದು ಹೆಜ್ಜೆ ನಿಶ್ಚಯಿಸುವುದಕ್ಕೂ ಸಮಯವಿದೆ. ಆಮೇಲೆ ಫೋನು ಹೊರತೆಗೆಯಬಹುದು, ಆ ಒಬ್ಬರಿಗೆ ಎರಡು ಸಾಲು ಬರೆಯಲು: ಮಧ್ಯಾಹ್ನ ನಿಮ್ಮ ಮಾತನ್ನು ನಡುವೆಯೇ ನಿಲ್ಲಿಸಿದೆ, ತಪ್ಪಾಯಿತು, ನಾಳೆ ಹತ್ತು ಗಂಟೆಗೆ ಪೂರ್ತಿ ಕೇಳುತ್ತೇನೆ.